ಕಡಸಲು ಉಳಿಗೆ ಬೆಲ್ಟ್ ಸಾಣೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಿವೃತ್ತಿಯ ನಂತರ ಮನೆಯ ಹಿಂದಿನ ಷೆಡ್ಡಿನಲ್ಲಿ ಮರವನ್ನು ತಿರುಗಿಸುವ ಸಣ್ಣದೊಂದು ಲೇತ್ ಇಟ್ಟುಕೊಂಡು ಬಟ್ಟಲು, ಲಟ್ಟಣಿಗೆ, ಬುಗುರಿಗಳನ್ನು ಕಡೆಯುತ್ತಿದ್ದೇನೆ. ಉಳಿಗಳನ್ನು 6 ಇಂಚಿನ ಬೆಂಚ್ ಗ್ರೈಂಡರಿನಲ್ಲಿ ಕೈಯಳತೆಯಿಂದಲೇ ಸಾಣೆ ಹಿಡಿಯುತ್ತೇನೆ. ಪ್ರತಿ ಸಲವೂ ಬಾಯಿಯ ಹಿಂದೆ ಎರಡು ಮೂರು ಪಟ್ಟೆಗಳು ಬೀಳುತ್ತವೆ, ಉಳಿಯೂ ಬೇಗ ಸವೆಯುತ್ತಿದೆ. ಕಲ್ಲಿನ ಬದಲು ಮರಳು ಕಾಗದದಂಥ ಪಟ್ಟಿ ಓಡುವ ಬೆಲ್ಟ್ ಸಾಣೆಯಂತ್ರ ಕೊಂಡರೆ ಈ ತೊಂದರೆ ತಪ್ಪುತ್ತದೆಯೇ, ಅಥವಾ ಅದು ದುಡ್ಡಿನ ದಂಡವೇ? (ಮೈಸೂರಿನ ಓದುಗರು)

ಉತ್ತರ: ಬಾಯಿಯ ಹಿಂದಿನ ಇಳಿಜಾರು ಮುಖದಲ್ಲಿ, ಅಂದರೆ ಕೆಲಸಗಾರರು ಬೆವೆಲ್ ಎಂದು ಕರೆಯುವ ಭಾಗದಲ್ಲಿ, ಎರಡು ಮೂರು ಪಟ್ಟೆಗಳು ಕಾಣಿಸಿದರೆ ಅದರ ಅರ್ಥ ಒಂದೇ: ಉಳಿ ಪ್ರತಿ ಸಲ ಬೇರೆ ಬೇರೆ ಕೋನದಲ್ಲಿ ಕಲ್ಲಿಗೆ ತಾಗಿದೆ. ಹೊಸ ಕೋನಕ್ಕೆ ಉಳಿಯನ್ನು ತರಲು ಪ್ರತಿ ಸಲವೂ ಬೇಕಿಲ್ಲದಷ್ಟು ಉಕ್ಕನ್ನು ತೆಗೆಯಬೇಕಾಗುತ್ತದೆ. ಉಳಿ ಬೇಗ ಸವೆಯುವುದಕ್ಕೂ ಅದೇ ಕಾರಣ. ಹಾಗಾಗಿ ನಿಮಗೆ ಬೇಕಾಗಿರುವುದು ಉಳಿಯನ್ನು ಪ್ರತಿ ಬಾರಿಯೂ ಅದೇ ಕೋನಕ್ಕೆ ತಂದು ನಿಲ್ಲಿಸುವ ಒಂದು ಆಸರೆ. ಬೆಲ್ಟ್ ಇರಲಿ, ಕಲ್ಲು ಇರಲಿ, ಆಸರೆಯಿಲ್ಲದೆ ಕೈಯಳತೆಯಲ್ಲಿ ಹಿಡಿದರೆ ಪಟ್ಟೆಗಳು ಬಿದ್ದೇ ಬೀಳುತ್ತವೆ.

ಒಳ್ಳೆಯ ಬೆಲ್ಟ್ ವ್ಯವಸ್ಥೆಯ ದೊಡ್ಡ ಗುಣ ಈ ಆಸರೆಯಲ್ಲೇ ಇದೆ ಎಂದು ನಾನು ಭಾವಿಸುತ್ತೇನೆ. ಇಂಗ್ಲೆಂಡಿನ ಶೆಫೀಲ್ಡ್ ಊರಿನ ರಾಬರ್ಟ್ ಸಾರ್ಬಿ ಸಂಸ್ಥೆಯ ಪ್ರೋಎಡ್ಜ್ ಯಂತ್ರವನ್ನೇ ನೋಡಿ. ಅದರಲ್ಲಿ 50 ಮಿ.ಮೀ. ಅಗಲದ ಬೆಲ್ಟ್ ಒಂದು ಚಪ್ಪಟೆ ಉಕ್ಕಿನ ಫಲಕದ ಮೇಲೆ ಓಡುತ್ತದೆ, ಅದರ ಮುಂದೆ ಉಳಿಯನ್ನು ಊರಿಡುವ ಪುಟ್ಟ ಮೇಜೊಂದು ಇರುತ್ತದೆ. ಆ ಮೇಜನ್ನು ಎಲ್ಲಿ ಬೇಕೆಂದರಲ್ಲಿ ನಿಲ್ಲಿಸುವ ಬದಲು ಮೊದಲೇ ಗೊತ್ತುಮಾಡಿದ ಕೋನಗಳಿಗೆ ಕೀಲು ಹಾಕಿ ಕೂರಿಸಬಹುದು. ಇಂದು 45 ಡಿಗ್ರಿಗೆ ಸಾಣೆ ಹಿಡಿದ ಉಳಿಯನ್ನು ತಿಂಗಳ ನಂತರ ತಂದರೂ ಅದೇ ಕೀಲಿನಲ್ಲಿ ಅದೇ 45 ಡಿಗ್ರಿ ಸಿಗುತ್ತದೆ, ಮೂರು ನಾಲ್ಕು ಸೆಕೆಂಡುಗಳ ಹಗುರ ಸ್ಪರ್ಶದಲ್ಲಿ ಬಾಯಿ ಮರಳಿ ಬರುತ್ತದೆ.

ಎರಡನೆಯ ಗುಣ, ಬೆಲ್ಟು ಸವೆದರೂ ಜ್ಯಾಮಿತಿ ಬದಲಾಗುವುದಿಲ್ಲ. ನಿಮ್ಮ 150 ಮಿ.ಮೀ. ಕಲ್ಲು ಕಾಲಕ್ರಮೇಣ 130ಕ್ಕೆ ಇಳಿದಾಗ, ಅದರ ಮುಂದಿನ ಆಸರೆಯನ್ನು ಮತ್ತೆ ಹೊಂದಿಸದಿದ್ದರೆ ಕೋನ ಕದಲುತ್ತದೆ. ಜೊತೆಗೆ ದುಂಡು ಕಲ್ಲು ಬೆವೆಲನ್ನು ಒಳಕ್ಕೆ ತೋಡುತ್ತದೆ, ಫಲಕದ ಮೇಲಿನ ಬೆಲ್ಟು ಚಪ್ಪಟೆಯಾಗಿ ಇಡುತ್ತದೆ. ಬೆವೆಲಿನ ಉದ್ದ 15 ಮಿ.ಮೀ. ಇರುವ ಉಳಿಯನ್ನು 150 ಮಿ.ಮೀ. ಕಲ್ಲಿಗೆ ಹಿಡಿದರೆ ನಡುವೆ ಹೆಚ್ಚುಕಡಿಮೆ 0.4 ಮಿ.ಮೀ. ತಗ್ಗು ಬೀಳುತ್ತದೆ, ಬಾಯಿಯ ತುದಿಯಲ್ಲಿ ಕೋನ ನೀವು ಅಂದುಕೊಂಡದ್ದಕ್ಕಿಂತ ಐದಾರು ಡಿಗ್ರಿಯಷ್ಟು ತೆಳುವಾಗುತ್ತದೆ. ಬಟ್ಟಲು ತೋಡುವ ಉಳಿಯಲ್ಲಿ ಬೆವೆಲ್ ಗಿಡ್ಡವಾಗಿರುವುದರಿಂದ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಆದರೆ ಓರೆಬಾಯಿಯ ಸ್ಕ್ಯೂ ಉಳಿಯಲ್ಲಿ ಬೆವೆಲನ್ನು ಮರದ ಮೇಲೆ ಸವರಿಕೊಂಡೇ ಕತ್ತರಿಸಬೇಕಾದ್ದರಿಂದ, ಚಪ್ಪಟೆ ಮುಖ ಕೊಡುವ ಆಸರೆ ಕೈಗೆ ಕೂಡಲೇ ತಿಳಿಯುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ನಿಮಗೆ ನನ್ನ ಸಲಹೆ, ಮೊದಲು ಇರುವ ಗ್ರೈಂಡರಿಗೇ ಗಟ್ಟಿಯಾದ, ಕೋನ ಹೊಂದಿಸಬಹುದಾದ ಆಸರೆಯೊಂದನ್ನು ಮಾಡಿಸಿ. ವೆಲ್ಡಿಂಗ್ ಅಂಗಡಿಯಲ್ಲಿ ಅದು ಅರ್ಧ ದಿನದ ಕೆಲಸ. ಮೂರು ತಿಂಗಳು ಅದರಲ್ಲಿ ಕೆಲಸ ಮಾಡಿ ನೋಡಿ. ಲಟ್ಟಣಿಗೆ, ಮೇಜಿನ ಕಾಲುಗಳಂಥ ಉದ್ದದ ಕಡಸಲನ್ನೇ ಹೆಚ್ಚಾಗಿ ಮಾಡುವುದಾದರೆ, ಸ್ಕ್ಯೂ ಉಳಿ ನಿಮ್ಮ ಮುಖ್ಯ ಉಪಕರಣವಾದರೆ, ಆಗ ಬೆಲ್ಟ್ ಯಂತ್ರಕ್ಕೆ ಹಾಕಿದ ಹಣ ವ್ಯರ್ಥವಾಗುವುದಿಲ್ಲ.

ಪ್ರಶ್ನೆ: ನಮ್ಮದು ಆಟಿಕೆ ಕಡೆಯುವ ಮನೆತನ. ಕುಲುಮೆಯಲ್ಲಿ ಕಾಯಿಸಿ ಹದ ಹಾಕಿಸಿದ ಹಳೆಯ ಉಳಿಗಳಲ್ಲೇ ಆಲೆ ಮರವನ್ನು ಕಡೆದು ಅರಗಿನ ಬಣ್ಣ ಹಾಕುತ್ತೇವೆ. ಬೆಲ್ಟಿಗೆ ಹಿಡಿದರೆ ಉಳಿಯ ಹದ ಹೋಗುತ್ತದೆ ಎಂದು ನಮ್ಮ ಚಿಕ್ಕಪ್ಪ ಬೇಡವೆನ್ನುತ್ತಾರೆ. ಅವರ ಮಾತು ನಿಜವೇ? (ಚನ್ನಪಟ್ಟಣದ ಓದುಗರು)

ಉತ್ತರ: ನಿಮ್ಮ ಚಿಕ್ಕಪ್ಪನವರ ಆತಂಕಕ್ಕೆ ಆಧಾರವಿದೆ, ಆದರೆ ತಪ್ಪು ಬೆಲ್ಟಿನದಲ್ಲ, ಬಿಸಿಯದು. ಕುಲುಮೆಯ ಉಳಿ ಸಾಮಾನ್ಯವಾಗಿ ಹೆಚ್ಚು ಇಂಗಾಲವಿರುವ ಉಕ್ಕಿನದು. ಅದರ ಬಾಯಿ 220 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದಾಗ ಒಣಹುಲ್ಲಿನ ಹಳದಿ ಬಣ್ಣ ತಾಳುತ್ತದೆ, 300ರ ಹತ್ತಿರ ನೀಲಿಗೆ ತಿರುಗುತ್ತದೆ. ನೀಲಿ ಕಂಡ ಕಡೆ ಹದ ಇಳಿದಿದೆ ಎಂದೇ ತಿಳಿಯಬೇಕು. ಆ ಭಾಗಕ್ಕೆ ಎಷ್ಟು ಸಾಣೆ ಹಿಡಿದರೂ ಹರಿತ ನಿಲ್ಲುವುದಿಲ್ಲ, ಎರಡು ಬೊಂಬೆ ಕಡೆಯುವಷ್ಟರಲ್ಲಿ ಮೊಂಡಾಗುತ್ತದೆ. ಹೈಸ್ಪೀಡ್ ಸ್ಟೀಲ್ ಎಂಬ ಉಕ್ಕಿನ ಉಳಿಗಳಿಗೆ ಈ ಭಯವಿಲ್ಲ. ಅವು 500 ಡಿಗ್ರಿಯವರೆಗೂ ಗಡಸುತನ ಬಿಟ್ಟುಕೊಡುವುದಿಲ್ಲವಾದ್ದರಿಂದ ಬಾಯಿ ನೀಲಿಯಾದರೂ ನಷ್ಟವಿಲ್ಲ. ಆದರೆ ಕಾದ ಹೈಸ್ಪೀಡ್ ಉಳಿಯನ್ನು ನೀರಿಗೆ ಅದ್ದಬಾರದು, ಕಣ್ಣಿಗೆ ಕಾಣದ ಬಿರುಕುಗಳು ಬಾಯಿಯಲ್ಲಿ ಬೀಳಬಹುದು. ಇಂಗಾಲದ ಉಕ್ಕನ್ನಾದರೋ ಬಿಸಿ ಏರುವ ಮೊದಲೇ ಮತ್ತೆ ಮತ್ತೆ ಅದ್ದಬೇಕು. ನಿಮ್ಮ ಮನೆಯಲ್ಲಿ ಎರಡೂ ಬಗೆಯ ಉಳಿಗಳಿದ್ದರೆ ಹಿಡಿಗಳಿಗೆ ಬೇರೆ ಬೇರೆ ಬಣ್ಣ ಬಳಿಯಿರಿ.

ಈಗ ಬೆಲ್ಟಿನ ವಿಷಯ. ಉಕ್ಕನ್ನು ಕಾಯಿಸುವುದು ಮುಖ್ಯವಾಗಿ ಮೂರು: ವೇಗ, ಒತ್ತಡ, ಮತ್ತು ಸವೆದ ಕಣಗಳು. ಮೊದಲನೆಯದಕ್ಕೆ ಲೆಕ್ಕ ಹಾಕಿ ನೋಡೋಣ. ನಿಮಿಷಕ್ಕೆ 2,800 ಸುತ್ತು ತಿರುಗುವ 150 ಮಿ.ಮೀ. ಕಲ್ಲಿನ ಅಂಚು ನಿಮಿಷಕ್ಕೆ ಸುಮಾರು 1,320 ಮೀಟರ್ ಓಡುತ್ತದೆ. ನಿಮಿಷಕ್ಕೆ 1,440 ಸುತ್ತಿನ ಮೋಟರಿಗೆ 50 ಮಿ.ಮೀ. ವ್ಯಾಸದ ಉರುಳೆ ಹಾಕಿ ಬೆಲ್ಟ್ ಓಡಿಸಿದರೆ ಅದು ಸುಮಾರು 226 ಮೀಟರ್ ಮಾತ್ರ. ಇದು ಕಲ್ಲಿನ ವೇಗದ ಆರನೆಯ ಒಂದು ಭಾಗಕ್ಕೆ ಹತ್ತಿರ. ಇಂಥ ನಿಧಾನದ ಬೆಲ್ಟಿನಲ್ಲಿ, ಹೊಸ ಪಟ್ಟಿಯಿದ್ದು ಬೆರಳ ತೂಕಕ್ಕಿಂತ ಹೆಚ್ಚು ಒತ್ತದಿದ್ದರೆ, ಇಂಗಾಲದ ಉಕ್ಕಿನ ಹದವನ್ನು ಧೈರ್ಯವಾಗಿ ಕಾಪಾಡಬಹುದು. ಆದರೆ ದೊಡ್ಡ ಉರುಳೆ ಹಾಕಿ 2,800 ಸುತ್ತಿನ ಮೋಟರಿನಲ್ಲಿ ಓಡುವ ಕಬ್ಬಿಣದ ಕೆಲಸದ ಬೆಲ್ಟ್ ಗ್ರೈಂಡರುಗಳು ಹಾಗಲ್ಲ. ಅಲ್ಲಿ ಬಾಯಿಯ ಮೂಲೆ ಕಣ್ಣು ಮಿಟುಕಿಸುವಷ್ಟರಲ್ಲಿ ನೀಲಿಯಾಗುತ್ತದೆ, ಏಕೆಂದರೆ ಮೂಲೆಯಲ್ಲಿ ಬಿಸಿಯನ್ನು ಹೀರಿಕೊಳ್ಳಲು ಉಕ್ಕೇ ಕಡಿಮೆ. ಹಲವು ವರ್ಷಗಳ ಹಿಂದೆ ನನ್ನ ತಂದೆಯವರ ಓರೆ ಉಳಿಯೊಂದರ ಉದ್ದ ಮೂಲೆಯನ್ನು ನಾನು ಹೀಗೆಯೇ ಸುಟ್ಟೆ. ಅಲ್ಲಿ ಕಂಡ ನೀಲಿ ಚುಕ್ಕೆ ಸಾಸಿವೆ ಕಾಳಿನಷ್ಟಿತ್ತು, ಅದನ್ನು ದಾಟಿ ಗಟ್ಟಿ ಉಕ್ಕು ಸಿಗಲು ಬಾಯಿಯನ್ನು ಉದ್ದಕ್ಕೂ 3 ಮಿ.ಮೀ. ಹಿಂದಕ್ಕೆ ತರಬೇಕಾಯಿತು. ಸವೆದ ಬೆಲ್ಟನ್ನೇ ಒತ್ತಿ ಒತ್ತಿ ಬಳಸಿದ್ದು ಅಂದಿನ ತಪ್ಪು. ಕಣಗಳು ಮೊಂಡಾದ ಬೆಲ್ಟು ಉಕ್ಕನ್ನು ಕತ್ತರಿಸದೆ ಉಜ್ಜುತ್ತದೆ, ಉಜ್ಜಿದ ಶ್ರಮವೆಲ್ಲ ಬಿಸಿಯಾಗುತ್ತದೆ.

ನಿಮ್ಮ ಕಸುಬಿನ ಬಗ್ಗೆ ಇನ್ನೊಂದು ಮಾತು. ಆಲೆ ಮರ ಮೃದು, ನಯವಾದ ಎಳೆಯುಳ್ಳದ್ದು. ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ ತಾಳೆಗರಿಯಿಂದ ಸವರಿದಾಗ, ಕೆಳಗಿನ ಮೈ ಹೇಗಿದೆಯೋ ಹಾಗೆಯೇ ಹೊಳಪಿನಲ್ಲಿ ಕಾಣುತ್ತದೆ. ಮೊಂಡು ಉಳಿ ಮೃದು ಮರದ ಎಳೆಗಳನ್ನು ಕೊಯ್ಯುವ ಬದಲು ಕೀಳುತ್ತದೆ, ಆಮೇಲೆ ಮರಳು ಕಾಗದದಲ್ಲಿ ಅದನ್ನು ಮುಚ್ಚಬೇಕಾಗುತ್ತದೆ. ಗಟ್ಟಿ ಮರದವರಿಗಿಂತ ನಿಮಗೇ ತೆಳು ಬಾಯಿ, ನಯ ಸಾಣೆ ಹೆಚ್ಚು ಬೇಕು. ಹಾಗಾಗಿ ಬೆಲ್ಟಿನ ನಂತರ ಎಣ್ಣೆಕಲ್ಲಿನ ಮೇಲೆ ಎರಡೂ ಮುಖಗಳನ್ನು ನಾಲ್ಕಾರು ಸಲ ಎಳೆಯುವ ನಿಮ್ಮ ಹಿರಿಯರ ಪದ್ಧತಿಯನ್ನು ದಯವಿಟ್ಟು ಬಿಡಬೇಡಿ.

ಪ್ರಶ್ನೆ: ಯಾವ ಉಳಿಗೆ ಎಷ್ಟು ಕೋನ, ಯಾವ ನಂಬರಿನ ಬೆಲ್ಟ್? ಬಾಯಿ ಬಂದಿದೆ ಎಂದು ತಿಳಿಯುವುದು ಹೇಗೆ? (ಉಡುಪಿಯ ಓದುಗರು)

ಉತ್ತರ: ಕೋನಗಳ ವಿಷಯದಲ್ಲಿ ಒಬ್ಬೊಬ್ಬರದು ಒಂದೊಂದು ಅಭಿಪ್ರಾಯ. ಹೊಸಬರು ಹೀಗೆ ಆರಂಭಿಸಬಹುದು. ಚೌಕ ಮರವನ್ನು ದುಂಡು ಮಾಡುವ ಅಗಲ ತೋಡು ಉಳಿಗೆ 45 ಡಿಗ್ರಿ, ಬಟ್ಟಲಿನ ಉಳಿಗೆ 45ರಿಂದ 60, ಸಣ್ಣ ಕುಸುರಿಯ ಸ್ಪಿಂಡಲ್ ಉಳಿಗೆ 30ರಿಂದ 40. ಮರವನ್ನು ಕೆರೆದು ನಯ ಮಾಡುವ ಸ್ಕ್ರೇಪರಿಗೆ 70ರಿಂದ 80. ಓರೆ ಉಳಿಯ ಎರಡೂ ಮುಖ ಸೇರಿ 30 ಇರಲಿ, ಅಂದರೆ ಮೇಜನ್ನು 15ಕ್ಕೆ ಕೂರಿಸಿ ಉಳಿಯನ್ನು ಮಗುಚಿ ಎರಡು ಕಡೆಯೂ ಹಿಡಿಯಬೇಕು. ಇದನ್ನು ಮರೆತು 30ಕ್ಕೇ ಕೂರಿಸಿದವರ ಓರೆ ಉಳಿ 60 ಡಿಗ್ರಿಯದಾಗಿ, ಮರವನ್ನು ಕೊಯ್ಯದೆ ಕೆರೆಯುತ್ತದೆ.

ಬೆಲ್ಟುಗಳಲ್ಲಿ ನಂಬರು ಹೆಚ್ಚಾದಷ್ಟೂ ಕಣ ನಯ, 120 ನಂಬರಿನದು ದಿನಬಳಕೆಗೆ ಸಾಕು. ಆಕಾರ ಬದಲಿಸಬೇಕಾದಾಗ ಅಥವಾ ಬಾಯಿ ಮುರಿದಾಗ ಮಾತ್ರ 60 ಇಲ್ಲವೇ 80, ಓರೆ ಉಳಿಯ ನಯಕ್ಕೆ 240. ಹೈಸ್ಪೀಡ್ ಉಕ್ಕಿಗೆ ಜಿರ್ಕೋನಿಯಾ ಅಥವಾ ಸಿರಾಮಿಕ್ ಕಣದ ಬೆಲ್ಟುಗಳು ಅಲ್ಯೂಮಿನಿಯಂ ಆಕ್ಸೈಡಿಗಿಂತ ಹೆಚ್ಚು ಕಾಲ ಬಾಳುತ್ತವೆ.

ಸಾಣೆಗೆ ಮುನ್ನ ಬೆವೆಲಿಗೆಲ್ಲ ಮಾರ್ಕರ್ ಪೆನ್ನಿನ ಮಸಿ ಬಳಿಯಿರಿ. ಯಂತ್ರ ಓಡಿಸದೆ, ಪ್ಲಗ್ ತೆಗೆದು, ಬೆಲ್ಟನ್ನು ಕೈಯಿಂದ ಒಂದಿಷ್ಟು ಎಳೆದು ನೋಡಿ. ಮಸಿ ಹಿಮ್ಮಡಿಯ ಕಡೆ, ಅಂದರೆ ಬೆವೆಲಿನ ಹಿಂದಿನ ಅಂಚಿನಲ್ಲಿ, ಮಾತ್ರ ಅಳಿಸಿದರೆ ಕೋನ ತೆಳುವಾಗಿದೆ, ಬಾಯಿಯ ಕಡೆ ಮಾತ್ರ ಅಳಿಸಿದರೆ ದಪ್ಪವಾಗಿದೆ, ಪೂರ್ತಿ ಅಳಿಸಿದರೆ ಸರಿಯಾಗಿ ಕೂತಿದೆ. ಬೆಲ್ಟು ಯಾವಾಗಲೂ ಬಾಯಿಯಿಂದ ಆಚೆಗೆ ಓಡುವಂತಿರಬೇಕು. ಬಾಯಿಗೆ ಎದುರಾಗಿ ಓಡಿದರೆ ಉಳಿ ಬೆಲ್ಟನ್ನೇ ಕೊಯ್ದುಬಿಡಬಹುದು. ಆಮೇಲೆ ಯಂತ್ರ ಓಡಿಸಿ ಉಳಿಯನ್ನು ಹಗುರವಾಗಿ ಊರಿ ಕಿಡಿಗಳನ್ನೇ ಗಮನಿಸಿ. ಮೊದಲು ಅವು ಉಳಿಯ ಕೆಳಗಿನಿಂದ ಮಾತ್ರ ಹಾರುತ್ತವೆ. ಸಾಣೆ ಬಾಯಿಯ ತುದಿ ಮುಟ್ಟಿದ ಕ್ಷಣ, ಮೇಲ್ಮೈಯ ಅಂಚಿನ ಉದ್ದಕ್ಕೂ ಸಣ್ಣ ಸಾಲು ಕಿಡಿಗಳು ಇಣುಕುತ್ತವೆ. ಅಲ್ಲಿಗೆ ನಿಲ್ಲಿಸಿ. ದೀಪದ ಕೆಳಗೆ ಬಾಯಿಯನ್ನು ಕಣ್ಣಿಗೆ ನೇರ ಹಿಡಿದಾಗ ಎಲ್ಲಿಯಾದರೂ ಬೆಳ್ಳಿಯ ಗೆರೆ ಮಿಂಚಿದರೆ ಅಲ್ಲಿ ಇನ್ನೂ ಮೊಂಡು ಉಳಿದಿದೆ, ಏಕೆಂದರೆ ಹರಿತವಾದ ಬಾಯಿಯಲ್ಲಿ ಬೆಳಕು ಬೀಳುವಷ್ಟು ಅಗಲವೇ ಇರುವುದಿಲ್ಲ.

ತೋಡು ಉಳಿಯನ್ನು ಉರುಳಿಸುತ್ತಾ ಹಿಡಿಯುವಾಗ ನಡುವೆ ತಡೆದು ನಿಲ್ಲಬೇಡಿ, ಮೂಗು, ಅಂದರೆ ಬಾಯಿಯ ದುಂಡು ತುದಿ, ಚಪ್ಪಟೆಯಾಗುತ್ತದೆ. ಬಾಯಿಯ ಎರಡೂ ಪಕ್ಕದ ರೆಕ್ಕೆಗಳನ್ನು ಹಿಂದಕ್ಕೆ ಎಳೆದ ಬಟ್ಟಲು ಉಳಿಗೆ, ಅದನ್ನು ಹಿಡಿದುಕೊಂಡು ಓಲಾಡುವ ಜಿಗ್ ಎಂಬ ಹಿಡಿಕೆ ಬೇಕೇ ಬೇಕು. ಜಿಗ್ಗಿನಿಂದ ಉಳಿ ಎಷ್ಟು ಹೊರಚಾಚಿರಬೇಕೆಂಬುದಕ್ಕೆ ಮರದ ತುಂಡೊಂದನ್ನು ಅಳತೆಯಾಗಿ ಕತ್ತರಿಸಿ ಯಂತ್ರದ ಪಕ್ಕದಲ್ಲೇ ಮೊಳೆ ಹೊಡೆದಿಡಿ. ಸ್ಕ್ರೇಪರಿನ ಮೇಲಂಚಿನಲ್ಲಿ ಸಾಣೆಯಿಂದ ಏಳುವ ಕೂದಲೆಳೆಯಂಥ ಉಕ್ಕಿನ ಚುಂಚನ್ನು ಮಾತ್ರ ತೆಗೆಯಬೇಡಿ, ಅದರಲ್ಲಿ ಕತ್ತರಿಸುವುದೇ ಆ ಚುಂಚು.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಬೆಲ್ಟುಗಳು ಜೋಡಣೆಯ ಕಡೆ ಪಟ್ಟನೆ ಹರಿಯುತ್ತವೆ. ಕಳಪೆ ಮಾಲು ಬರುತ್ತಿದೆಯೇ? (ಸಾಗರದ ಓದುಗರು)

ಉತ್ತರ: ಮಾಲನ್ನು ದೂರುವ ಮೊದಲು ಇಟ್ಟ ಜಾಗವನ್ನು ನೋಡಿ. ಬೆಲ್ಟಿನ ಬಟ್ಟೆಯೂ ಅಂಟೂ ತೇವ ಹೀರುತ್ತವೆ, ನಿಮ್ಮ ಸೀಮೆಯ ಜುಲೈ ತಿಂಗಳಿಗೆ ತೆರೆದ ಗೂಟದಲ್ಲಿ ನೇತುಹಾಕಿದ ಬೆಲ್ಟ್ ತಾಳುವುದು ಕಷ್ಟ. ಮಡಿಕೆ ಬೀಳದಂತೆ ಸುರುಳಿಯಾಗಿಯೇ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ. ಕೆಲಸ ಮುಗಿದೊಡನೆ ಯಂತ್ರದ ಬಿಗಿತ ಸಡಿಲಿಸಿ. ಬೆಲ್ಟಿನ ಒಳಮೈಯಲ್ಲಿ ಬಾಣದ ಗುರುತಿದ್ದರೆ ಓಟದ ದಿಕ್ಕು ಅದಕ್ಕೆ ಹೊಂದಿರಲಿ, ಒಂದರ ಮೇಲೊಂದು ಅಂಟಿಸಿದ ಜೋಡಣೆಯು ತಿರುವುಮುರುವಾದರೆ ಬಿಚ್ಚಿಕೊಳ್ಳುತ್ತದೆ.

ಪ್ರಶ್ನೆ: ಮರದ ಪುಡಿ ಎಳೆಯುವ ವ್ಯಾಕ್ಯೂಮಿಗೇ ಬೆಲ್ಟ್ ಯಂತ್ರದ ಧೂಳಿನ ಕೊಳವೆಯನ್ನೂ ಜೋಡಿಸಬಹುದೇ? (ಬೆಂಗಳೂರಿನ ಓದುಗರು)

ಉತ್ತರ: ಖಂಡಿತ ಕೂಡದು. ಉಕ್ಕಿನ ಕಿಡಿ ಒಣ ಮರದ ಪುಡಿಯ ಚೀಲಕ್ಕೆ ಹೋದರೆ ಒಳಗೊಳಗೇ ಹೊಗೆಯಾಡಿ, ನೀವು ಊಟಕ್ಕೆ ಎದ್ದ ಮೇಲೆ ಹೊತ್ತಿಕೊಳ್ಳಬಹುದು. ಸಾಣೆಯಂತ್ರವನ್ನು ಲೇತಿನಿಂದ ದೂರ, ಗುಡಿಸಿದ ನೆಲದ ಮೇಲಿಡಿ. ಕಿಡಿ ಬೀಳುವ ಕಡೆ ತಗಡಿನ ತಟ್ಟೆಯಲ್ಲಿ ನೀರಿರಲಿ. ಕನ್ನಡಕ ಹಾಕಿಕೊಳ್ಳಿ, ಆದರೆ ಕೈಗವಸು ಬೇಡ, ಜೋಲುವ ತೋಳು ಮತ್ತು ಹೆಗಲ ಟವೆಲೂ ಬೇಡ. ಬೆಲ್ಟು ಇವನ್ನು ಸೆಳೆದುಕೊಂಡರೆ ಕೈಯನ್ನೂ ಜೊತೆಗೆ ಎಳೆಯುತ್ತದೆ. ಹಿಂದೆ ಒಮ್ಮೆ ಮರವನ್ನೇ ಉಜ್ಜಿದ ಯಂತ್ರವಾಗಿದ್ದರೆ, ಉಕ್ಕು ಹಿಡಿಯುವ ಮುನ್ನ ಅದರ ಒಳಗವಚ ಬಿಚ್ಚಿ ಮೂಲೆಗಳಲ್ಲಿ ಕೂತ ಪುಡಿಯನ್ನೆಲ್ಲ ಬ್ರಷ್ಷಿನಿಂದ ತೆಗೆಯಿರಿ.