ಜರ್ನಲ್‌ಗೆ ಕಳಿಸಿ, ರಿವ್ಯೂ (ಬೇರೆ ತಜ್ಞರ ಪರಿಶೀಲನೆ) ಮುಗಿದಿದ್ದ ಪೇಪರ್ ಮತ್ತೆ ‘ಅಂಡರ್ ರಿವ್ಯೂ’ ಅಂತ ತೋರಿಸುತ್ತಿದೆ. ಇದು ಕೆಟ್ಟ ಸೂಚನೆಯೇ? ವಾಪಸ್ ಪಡೆಯಲೇ?

ವಾಪಸ್ ಪಡೆಯಬೇಡಿ. ನಾನು ಪಡೆದೆ, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಗ ಗದಗಿನ ಕಪ್ಪತಗುಡ್ಡದ ಔಷಧಿ ಗಿಡಗಳ ಬಗ್ಗೆ ಪೇಪರ್ ಕಳಿಸಿದ್ದೆ. ಜರ್ನಲ್‌ನವರು ಬಳಸುತ್ತಿದ್ದದ್ದು ಎಡಿಟೋರಿಯಲ್ ಮ್ಯಾನೇಜರ್ ಅನ್ನುವ ಸಾಫ್ಟ್‌ವೇರ್, ಪೇಪರ್ ಯಾವ ಹಂತದಲ್ಲಿದೆ ಅಂತ ಅದು ತೋರಿಸುತ್ತದೆ. ‘ವಿತ್ ಎಡಿಟರ್’ ಆಯಿತು, ‘ಅಂಡರ್ ರಿವ್ಯೂ’ ಆಯಿತು, ಕೊನೆಗೆ ‘ರಿಕ್ವೈರ್ಡ್ ರಿವ್ಯೂಸ್ ಕಂಪ್ಲೀಟೆಡ್’ (ಬೇಕಾದ ವರದಿಗಳೆಲ್ಲ ಬಂದಿವೆ) ಬಂತು. ಖುಷಿಗೆ ಗೆಳೆಯರಿಗೆಲ್ಲ ಚಹಾ ಕುಡಿಸಿದೆ. ಸ್ವಲ್ಪ ದಿನಕ್ಕೇ ಮತ್ತೆ ‘ಅಂಡರ್ ರಿವ್ಯೂ’.

ಏನೋ ದೊಡ್ಡ ತಪ್ಪು ಸಿಕ್ಕಿದೆ, ರಿಜೆಕ್ಟ್ ಆಗುತ್ತದೆ ಅಂದುಕೊಂಡೆ. ಆಗ ಥೀಸಿಸ್ ಸಲ್ಲಿಸಲು ಪೇಪರ್ ಬೇಕೇ ಬೇಕಿತ್ತು. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಆ ಕಡ್ಡಾಯವನ್ನು ಬಿಟ್ಟದ್ದು 2022ರ ನಿಯಮದಲ್ಲಿ. ಬೇಗ ಬೇರೆ ಕಡೆ ಕಳಿಸೋಣ ಅಂತ ರಾತ್ರಿಯೇ ವಾಪಸ್ ಕೇಳಿ ಪತ್ರ ಬರೆದೆ. ಗೈಡ್‌ಗೆ ತಿಳಿಸಲಿಲ್ಲ. ಯಾಕೆ ಹೀಗಾಯಿತು ಅಂತ ಜರ್ನಲ್‌ಗೆ ಒಂದು ಸಾಲು ಕೇಳಲೂ ಇಲ್ಲ. ಆ ಒಂದು ಸಾಲು ಕೇಳಿದ್ದರೆ ಸಾಕಿತ್ತು.

ವಾಪಸ್ ಕೊಡಲು ಒಪ್ಪಿದ ಉತ್ತರದಲ್ಲಿ ಸಂಪಾದಕರು ವಿಷಯ ತಿಳಿಸಿದ್ದರು. ಒಬ್ಬ ರಿವ್ಯೂವರ್ ಸಣ್ಣ ತಿದ್ದುಪಡಿ ಸಾಕು ಅಂದಿದ್ದರು, ಇನ್ನೊಬ್ಬರು ಪೇಪರೇ ಬೇಡ ಅಂದಿದ್ದರು. ಅದಕ್ಕೆ ಸಂಪಾದಕರು ಮೂರನೆಯವರನ್ನು ಕೇಳಿದ್ದರು. ಆ ಸಾಫ್ಟ್‌ವೇರ್ ಎಣಿಸುವುದು ವರದಿಗಳನ್ನು ಮಾತ್ರ. ಬೇಕಾದಷ್ಟು ಬಂದರೆ ‘ಕಂಪ್ಲೀಟೆಡ್’ ಎನ್ನುತ್ತದೆ. ಇನ್ನೊಂದು ಬೇಕು ಅಂತ ಸಂಪಾದಕರು ಸೇರಿಸಿದರೆ ತಾನೇ ಹಿಂದಕ್ಕೆ ಹೋಗುತ್ತದೆ. ನಮಗೆ ಹೇಳಲೆಂದು ಯಾರೂ ಅದನ್ನು ಬದಲಿಸಿರುವುದಿಲ್ಲ. ಮೊದಲೇ ರಿಜೆಕ್ಟ್ ಮಾಡುವ ಮನಸ್ಸಿದ್ದರೆ ಮೂರನೆಯವರನ್ನು ಹುಡುಕುವ ತ್ರಾಸು ಯಾಕೆ ತಗೋತಿದ್ದರು? ಉಳಿಯಬಹುದಾಗಿದ್ದ ಪೇಪರನ್ನು ನಾನೇ ಕಿತ್ತುಕೊಂಡಿದ್ದೆ. “ಒಂದ್ ಮಾತ್ ಕೇಳಬೇಕಿತ್ತಲ್ಲೋ ತಮ್ಮಾ” ಅಂದರು ಗೈಡ್. ಮುಂದಿನ ಜರ್ನಲ್‌ನಲ್ಲಿ ಮತ್ತೆ ಮೊದಲಿನಿಂದ. ಥೀಸಿಸ್ ಅಷ್ಟು ಹಿಂದೆ ಬಿತ್ತು.

ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಸ್ಟೇಟಸ್‌ನಲ್ಲಿ ಒಳ್ಳೆಯದು ಕೆಟ್ಟದ್ದು ಅಂತ ಇರುವುದಿಲ್ಲ. ಫೈಲು ಯಾರ ಟೇಬಲ್ ಮೇಲಿದೆ ಅಂತ ಗೊತ್ತಾಗುತ್ತದೆ, ಅಷ್ಟೇ. ‘ವಿತ್ ಎಡಿಟರ್’ ಅಂತ ಬಹಳ ದಿನ ನಿಂತಿದ್ದರೆ ಒಳಗೆ ರಿವ್ಯೂವರ್‌ಗಳನ್ನು ಕೇಳುತ್ತಿರಬಹುದು, ಅವರು ಒಲ್ಲೆ ಅನ್ನುತ್ತಿರಬಹುದು. ‘ಡಿಸಿಷನ್ ಇನ್ ಪ್ರೋಸೆಸ್’ (ತೀರ್ಮಾನ ಆಗುತ್ತಿದೆ) ಬಂದರೂ ತೀರ್ಮಾನ ಯಾವ ಕಡೆ ಅಂತ ತಿಳಿಯದು. ದಿನಾ ಲಾಗಿನ್ ಆಗಿ ನೋಡುವುದನ್ನು ಬಿಡಿ.

ಈಗಷ್ಟೇ ಬದಲಾಗಿದ್ದರೆ ಕೆಲವು ವಾರ ಕಾಯಿರಿ. ಆಮೇಲೂ ಸುದ್ದಿ ಇಲ್ಲದಿದ್ದರೆ ಸಂಪಾದಕೀಯ ಕಚೇರಿಗೆ ಸಣ್ಣ ಮೇಲ್ ಹಾಕಿ. ಪೇಪರ್ ನಂಬರ್, ಶೀರ್ಷಿಕೆ, ಕಳಿಸಿದ ತಾರೀಖು, ‘ಇನ್ನೊಬ್ಬ ರಿವ್ಯೂವರ್‌ರನ್ನು ಕೇಳಿದ್ದೀರಾ’ ಅನ್ನುವ ಪ್ರಶ್ನೆ, ಇಷ್ಟೇ ಇರಲಿ. ಥೀಸಿಸ್ ಗಡುವು ಹತ್ತಿರವಿದ್ದರೆ ಅದನ್ನೂ ಬರೆಯಿರಿ, ಮುಚ್ಚುಮರೆ ಬೇಡ. ಅಲ್ಲಿಂದ ಬಿಡುಗಡೆಯಾಗುವ ತನಕ ಅದೇ ಪೇಪರನ್ನು ಇನ್ನೊಂದು ಜರ್ನಲ್‌ಗೆ ಕಳಿಸಬೇಡಿ. ಗೊತ್ತಾದರೆ ಎರಡೂ ಕಡೆ ತಿರಸ್ಕರಿಸಬಹುದು. ಮೇಲ್ ಹಾಕುವ ಮೊದಲು ನಿಮ್ಮ ಗೈಡ್‌ಗೆ ತೋರಿಸಿ.