ಬೈರಾಗಿ ಕಟ್ಟೆಯಲ್ಲಿ ಮಲಗಿರುವವರು ಯಾರು?

ಪ್ರಶ್ನೆ: ನಮ್ಮೂರ ಕಾಡಂಚಿನ ರಂಜಲು ಮರದ ಬುಡದಲ್ಲಿ ಚಿರೆಕಲ್ಲಿನ ಗದ್ದುಗೆಯಿದೆ. ‘ಬೈರಾಗಿ ಕಟ್ಟೆ’ ಅನ್ನುತ್ತಾರೆ. 1857ರ ದಂಗೆಯ ನಾನಾಸಾಹೇಬ ಪೇಶ್ವೆಯವರು ವೇಷ ಮರೆಸಿಕೊಂಡು ಇಲ್ಲೇ ಕೊನೆಗಾಲ ಕಳೆದರೆಂದು ಅಜ್ಜಿ ಹೇಳುತ್ತಿದ್ದರು. ಬೈರಾಗಿ ಮರಾಠಿ ಆಡುತ್ತಿದ್ದರಂತೆ. ನಿಜವೇ?
– ಓದುಗರೊಬ್ಬರು, ಹಳಿಯಾಳ ತಾಲೂಕು

ಉತ್ತರ: ನಿಮ್ಮ ಅಜ್ಜಿಯ ಮಾತಿನಲ್ಲಿ ಬೈರಾಗಿಯನ್ನು ಪೂರ್ತಿ ನಂಬುತ್ತೇನೆ, ಪೇಶ್ವೆಯವರನ್ನು ನಂಬಲಾರೆ.

ನಾನಾಸಾಹೇಬರು 1859ರಲ್ಲಿ ನೇಪಾಳದ ತರಾಯಿ ಕಾಡು ಹೊಕ್ಕಿದ್ದರು. ಅಲ್ಲೇ ಜ್ವರದಿಂದ ತೀರಿಕೊಂಡರೆಂಬ ಸುದ್ದಿ ಅದೇ ವರ್ಷ ಇಂಗ್ಲಿಷರಿಗೆ ಬಂತು. ಆದರೂ ಒಂದು ಲಕ್ಷ ರೂಪಾಯಿ ಇನಾಮು ಹೊತ್ತ ತಲೆ, ಹುಡುಕಾಟ ನಿಲ್ಲಲಿಲ್ಲ. 1874ರಲ್ಲೂ ಗ್ವಾಲಿಯರಿನಲ್ಲಿ ಒಬ್ಬನನ್ನು ಹಿಡಿದು ಕಾನ್ಪುರಕ್ಕೆ ಒಯ್ದರು, ಅವನಲ್ಲವೆಂದು ತಿಳಿಯಿತು. ಗುಜರಾತಿನ ಸಿಹೋರಿನವರೂ ನಿಮ್ಮ ಹಾಗೆಯೇ ಅವರು ತಮ್ಮೂರಲ್ಲಿ ನೆಲೆಸಿದ್ದರೆನ್ನುತ್ತಾರೆ.

ಮರಾಠಿ ಆಡಿದ್ದು ಗುರುತಾಗದು. ಹಳಿಯಾಳದ ಸಂತೆಯಲ್ಲಿ ಇವತ್ತಿಗೂ ಅರ್ಧ ವ್ಯಾಪಾರ ಮರಾಠಿಯಲ್ಲೇ ಅಲ್ಲವೇ?

ನನ್ನ ಕುತೂಹಲ ಬೇರೆ ಕಡೆ ಇದೆ. 1858-59ರಲ್ಲಿ ನಿಮ್ಮ ನೆರೆಯ ಸೂಪಾ ಕಾಡಿನಲ್ಲೇ ಫಡ್ನವೀಸ ಸೋದರರು, ಸಿದ್ದಿ ಬಸ್ತ್ಯಾಂವ ಮೊದಲಾದವರು ಇಂಗ್ಲಿಷರ ಮೇಲೆ ಬಂಡೆದ್ದಿದ್ದರು. ಬಸ್ತ್ಯಾಂವ ಕಾದಾಡಿ ಮಡಿದ. ಬೈರಾಗಿ ಆ ದಂಡಿನವರೇ ಎಂದು ಮೊದಲು ಕೇಳಬೇಕು. ನಮ್ಮ ಕಾಡಿನವರ ಹೆಸರನ್ನು ನಾವೇ ಮರೆತು ಪೇಶ್ವೆಯವರ ಹೆಸರಿಟ್ಟರೆ ನನಗೆ ಸಂಕಟವಾಗುತ್ತದೆ.

ಹುಡುಕುವಾಗ ಒಂದು ನೆನಪಿರಲಿ: 1862ರವರೆಗೆ ನಮ್ಮ ಜಿಲ್ಲೆ ಮದರಾಸು ಪ್ರಾಂತ್ಯದಲ್ಲಿತ್ತು, ಆಮೇಲೆ ಮುಂಬಯಿಗೆ ಸೇರಿತು. ದಂಗೆಯ ಕಾಲದ ಕಾಗದಕ್ಕೆ ಚೆನ್ನೈ ದಫ್ತರಖಾನೆ, ಅನಂತರದ್ದಕ್ಕೆ ಮುಂಬಯಿಯದು. ಇದು ತಿಳಿಯದೆ ನಾನು ಮುಂಬಯಿಯಲ್ಲಿ ನಾಲ್ಕು ದಿನ ಬರಿದೇ ಕಳೆದಿದ್ದೆ. ಗದ್ದುಗೆಗೆ ಉಂಬಳಿ ಜಮೀನಿತ್ತೇ ಎಂದೂ ವಿಚಾರಿಸಿ. ಮನೆಯ ಅಟ್ಟದಲ್ಲಿ ಮೋಡಿ ಅಕ್ಷರದ (ಹಿಂದೆ ಮರಾಠಿ ಬರೆಯುತ್ತಿದ್ದ ಕೂಡಕ್ಷರದ ಲಿಪಿ) ಕಾಗದ ಸಿಕ್ಕರೆ ಓದಲಾಗದೆಂದು ಎಸೆಯಬೇಡಿ. ನಮ್ಮ ಶಿರಸಿಯ ಮನೆಯ ಅಂಥ ಒಂದು ಕಟ್ಟನ್ನು ಬೆಳಗಾವಿಯ ಹಿರಿಯರೊಬ್ಬರು ಬೆರಳಿಟ್ಟು ಓದಿದಾಗ, ಅಡಿಕೆ ಸಾಲದ ಲೆಕ್ಕದ ನಡುವೆ ಮುತ್ತಜ್ಜನ ಅಣ್ಣನ ಹೆಸರು ಸಿಕ್ಕಿತು. ಅಂಥವರೊಬ್ಬರು ಇದ್ದರೆಂದೇ ನಮಗೆ ಗೊತ್ತಿರಲಿಲ್ಲ.

ಈ ಸಲ ಗದ್ದುಗೆಗೆ ಸುಣ್ಣ ಬಳಿಯುವ ಮುಂಚೆ, ಬೆಳಗಿನ ಓರೆ ಬಿಸಿಲಲ್ಲಿ ಕಲ್ಲಿನ ನಾಲ್ಕೂ ಮಗ್ಗುಲು ನೋಡಿ. ಸವೆದ ಅಕ್ಷರ ಆಗಲೇ ಕಾಣುವುದು. ಕಂಡರೆ ಫೋಟೋ ಕಳಿಸಿ, ನಾನೇ ಬರುತ್ತೇನೆ.