ಕೆರೆಗೆ ಬಿಟ್ಟ ಮರಿ ಎಲ್ಲಿ ಹೋದವು?

ಚಿತ್ರದುರ್ಗ ಜಿಲ್ಲೆಯ ಓದುಗರೊಬ್ಬರು ಬರೆದಿದ್ದಾರೆ: ‘ನಮ್ಮ ಕೆರೆ ಆಗಸ್ಟ್‌ನಲ್ಲೇ ತುಂಬಿತು. ಸರ್ಕಾರಿ ಮೀನುಮರಿ ಬಂದದ್ದು ನವೆಂಬರಿಗೆ, ಅದೂ ಉಗುರಿನಷ್ಟು. ಬಲೆಗೆ ಬಿದ್ದದ್ದು ಯಾರೂ ಬಿಡದ ಜಿಲೇಬಿ ಮೀನೇ (ತಿಲಾಪಿಯಾ) ಜಾಸ್ತಿ. ಸರ್ಕಾರದ ಈ ಮೀನುಮರಿ ಕೇಂದ್ರಗಳನ್ನು ಮುಚ್ಚಿ ದುಡ್ಡನ್ನು ನಮ್ಮ ಮೀನುಗಾರರ ಸಂಘಕ್ಕೆ ಕೊಡಲಿ. ಆಂಧ್ರದಿಂದ ನಾವೇ ತರುತ್ತೇವೆ.’

ನಿಮ್ಮ ಸಿಟ್ಟು ನ್ಯಾಯವೇ. ಖಾಸಗಿಯವರು ಹೇಳಿದ ದಿನಕ್ಕೆ ಮರಿ ಇಳಿಸುತ್ತಾರೆ, ಒಪ್ಪಿದೆ. ಆದರೆ ‘ಮುಚ್ಚಿ’ ಎಂದಿರಲ್ಲ, ಅದನ್ನು ಒಪ್ಪಲಾರೆ.

ಮರಿ ಯಾಕೆ ತಡವಾಗುತ್ತದೆ ನೋಡಿ. ರೋಹು, ಕಟ್ಲಾದಂಥ ಗೆಂಡೆ ಜಾತಿಯ ಮೀನು ಮೊಟ್ಟೆಗೆ ಬರುವುದು ಮುಂಗಾರಿನಲ್ಲಿ. ಅದಕ್ಕೆ ತಾಯಿಮೀನನ್ನು ಬೇಸಿಗೆಯಿಡೀ ತೌಡು, ಕಡಲೆಕಾಯಿ ಹಿಂಡಿ ಹಾಕಿ ಸಾಕಿರಬೇಕು. ಸರ್ಕಾರದ ಹಣಕಾಸು ವರ್ಷ ಶುರುವಾಗುವುದೇ ಏಪ್ರಿಲ್‌ನಲ್ಲಿ. ಮೊದಲ ಕಂತು ಮರಿ ಕೇಂದ್ರಕ್ಕೆ ತಲುಪುವಷ್ಟರಲ್ಲಿ ಮಳೆ ಬಿದ್ದಿರುತ್ತದೆ. ಕಂತು ಬರೋವರೆಗೆ ತಡ್ಕೋ ಎಂದು ಮೀನಿಗೆ ಹೇಳಲಾದೀತೇ? 1957ರಲ್ಲಿ ಒಡಿಶಾದಲ್ಲಿ ವಿಜ್ಞಾನಿ ಹೀರಾಲಾಲ್ ಚೌಧುರಿ ಚುಚ್ಚುಮದ್ದು ಕೊಟ್ಟು ಗೆಂಡೆಯಿಂದ ಮೊಟ್ಟೆ ಇಡಿಸಿದ್ದರು. ಆ ಜುಲೈ 10ನ್ನು ಮೀನು ಕೃಷಿಕರ ದಿನ ಎಂದು ಪ್ರತಿ ವರ್ಷ ಆಚರಿಸುತ್ತೇವೆ. ಮೀನಿನ ಕ್ಯಾಲೆಂಡರ್ ಮಾತ್ರ ಖಜಾನೆಯವರ ಕಣ್ಣಿಗೆ ಇನ್ನೂ ಬಿದ್ದಿಲ್ಲ.

ಉಗುರಿನಷ್ಟು ಮರಿಯ ಕಥೆ ಇದಕ್ಕಿಂತ ಬೇಜಾರಿನದು. ಮೊಟ್ಟೆ ಒಂದು ದಿನದೊಳಗೆ ಒಡೆಯುತ್ತದೆ. ಹದಿನೈದು ಇಪ್ಪತ್ತು ದಿನಕ್ಕೆ ಇಂಚು ಗಾತ್ರದ ಮರಿ ಸಿಗುತ್ತದೆ. ಬೆರಳುದ್ದ ಆಗಲು ಇನ್ನೂ ಎರಡು ಮೂರು ತಿಂಗಳು ಬೇಕು. ಅಷ್ಟು ದಿನ ಕೊಳ, ಮೇವು, ಆಳು ಎಲ್ಲವೂ ಬೇಕು. ಜಲಾಶಯಕ್ಕೆ ಬಿಡುವ ಮರಿ 10 ಸೆಂಟಿಮೀಟರಾದರೂ ಇರಲಿ ಎಂದು ತಜ್ಞರು ಹೇಳುತ್ತಲೇ ಬಂದಿದ್ದಾರೆ. ಇಂಚಿನ ಮರಿ ಬಿಟ್ಟರೆ ಬೇರೆ ಮೀನು ತಿಂದು ಬದುಕುವ ಕೊರವ ಮೀನಿಗೆ ಊಟ ಹಾಕಿದಂತೆ, ಅಷ್ಟೇ. ಆದರೆ ಗುರಿ ಇರುವುದು ‘ಇಷ್ಟು ಲಕ್ಷ ಮರಿ’ ಎಂದು. ಅದೇ ದುಡ್ಡಿಗೆ ಚಿಕ್ಕವು ಹೆಚ್ಚು ಸಿಗುತ್ತವೆ, ವರದಿ ದಪ್ಪಗಾಗುತ್ತದೆ. ಬಿಟ್ಟ ತಲೆ ಎಣಿಸುತ್ತಾರೆ, ಬಂದ ಮೀನನ್ನು ತೂಗುವವರಿಲ್ಲ.

ತಲೆ ಎಣಿಸುವಲ್ಲಿ ತಾಯಿ ಯಾವುದು ಎಂದೂ ಯಾರೂ ಕೇಳುವುದಿಲ್ಲ. ಏಕನಾಥ್ ಮತ್ತು ಡಾಯ್ಲ್ ಎಂಬ ವಿಜ್ಞಾನಿಗಳು ನಮ್ಮ ಕರ್ನಾಟಕದ್ದೇ ಮರಿ ಕೇಂದ್ರಗಳನ್ನು ನೋಡಿ 1990ರಲ್ಲಿ ಬರೆದರು. ಕೆಲವೇ ತಾಯಿಮೀನುಗಳಿಂದ ಮತ್ತೆ ಮತ್ತೆ ಮರಿ ತೆಗೆದು ಒಳಸಂತಾನ, ಅಂದರೆ ಹತ್ತಿರದ ರಕ್ತಸಂಬಂಧದ ಮೀನುಗಳ ನಡುವಿನ ಸಂತಾನ, ಹೆಚ್ಚುತ್ತಿದೆ ಎಂದು ಎಚ್ಚರಿಸಿದರು. ಹೊಸ ತಾಯಿಮೀನು ತರಲು ದುಡ್ಡು ಬೇಕು. ಅದು ಉದ್ಘಾಟನೆ ಮಾಡುವಂಥ ಕೆಲಸವಲ್ಲವಲ್ಲ!

ಯಾವ ನೀರಿಗೆ ಯಾವ ಮೀನು ಎಂಬುದೂ ಹೀಗೇ. ಮಹಾರಾಷ್ಟ್ರದ ಲೋನಾವಳದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಎಂಬ ನದಿ ಮೀನಿನ ಮರಿಗಳನ್ನು 1970ರ ದಶಕದಿಂದ ಕಾವೇರಿಗೂ ಬಿಟ್ಟರು. ಮನಸ್ಸು ಒಳ್ಳೆಯದೇ. ಆದರೆ ಹೊಸ ಮೀನು ಹೆಚ್ಚಿತು, ಕಾವೇರಿಯದೇ ಆದ ಡುಬ್ಬದ ಮಹಶೀರ್ ಕುಗ್ಗಿತು. ಮರಳು ದಂಧೆ, ಸಿಡಿಮದ್ದು ಇವೂ ಕೈ ಸೇರಿಸಿದವು ಅನ್ನಿ. 2018ರಲ್ಲಿ ಅದು ತೀವ್ರ ಅಳಿವಿನಂಚಿನ ಪಟ್ಟಿ ಸೇರಿತು.

ಆಯಾ ನೀರಿನ ಮೀನನ್ನು ಉಳಿಸುವವರು ಬೇಕಲ್ಲ, ಅದಕ್ಕೇ ಹೇಳುವುದು, ಸರ್ಕಾರಿ ಕೇಂದ್ರ ಬೇಕು. ಆಂಧ್ರದ ವ್ಯಾಪಾರಿ ರೋಹು, ಕಟ್ಲಾ ತರುತ್ತಾನೆ, ಏಕೆಂದರೆ ಅವು ಬೇಗ ಬೆಳೆಯುತ್ತವೆ. ಹುಲ್ಲು ತಿನ್ನುವ ನಮ್ಮ ಹರಗಿ ಮೀನಿನ ಮರಿ ಮಾಡುವ ಕಷ್ಟ ಅವನಿಗ್ಯಾಕೆ? ಅದನ್ನು ಮಾಡಿ ತೋರಿಸಿದ್ದು ಹೆಸರಘಟ್ಟದಲ್ಲಿರುವ ಕೇಂದ್ರ ಸರ್ಕಾರದ ಸಂಶೋಧಕರು. ಕೊಡಗಿನ ಹಾರಂಗಿಯಲ್ಲಿ ಮಹಶೀರ್ ಮರಿ ಮಾಡುವುದೂ ನಮ್ಮ ಇಲಾಖೆಯೇ. ಅಲ್ಲಿ ಮಂಡಿಯುದ್ದ ನೀರಲ್ಲಿ ನಿಂತು ದುಡಿಯುವವರ ಬಗ್ಗೆ ನಮಗೆ ಕೃತಜ್ಞತೆ ಕಡಿಮೆ.

ಇದು ಮೀನಿನ ಇಲಾಖೆಯೊಂದರ ರೋಗವಲ್ಲ. ವನಮಹೋತ್ಸವದಲ್ಲಿ ನೆಟ್ಟ ಸಸಿಯ ಸಂಖ್ಯೆ ಸಿಗುತ್ತದೆ, ಬದುಕಿದ್ದರ ಸಂಖ್ಯೆ ಕೇಳಿ ನೋಡಿ. ಕೊರೆದ ಬೋರ್‌ವೆಲ್ ಎಷ್ಟು ಅಂತ ಹೇಳುತ್ತಾರೆ, ನೀರು ಬಂದದ್ದು ಎಷ್ಟು? ಮೀನುಗಾರಿಕೆಗೆಂದೇ ಕೇಂದ್ರ ಸರ್ಕಾರ ತಂದ 2020ರ ಮತ್ಸ್ಯ ಸಂಪದ ಯೋಜನೆಗೆ 20,050 ಕೋಟಿ ರೂಪಾಯಿ ಎಂದು ಘೋಷಿಸಿದರು. ದೊಡ್ಡ ಮೊತ್ತವೇ. ಆದರೆ ಕಟ್ಟಡಕ್ಕೆ ಸಿಗುವ ದುಡ್ಡು ಹಿಂಡಿಗೆ ಸಿಗುವುದಿಲ್ಲ, ಅದೇ ನಮ್ಮ ಹಣೆಬರಹ.

ನಿಮಗೂ ಒಂದು ಮಾತು, ಬೇಜಾರು ಮಾಡ್ಕೋಬೇಡಿ. ಕಳೆದ ಸಲ ಎಷ್ಟು ಕಿಲೋ ಹಿಡಿದಿರಿ, ಅದರಲ್ಲಿ ಬಿಟ್ಟ ಜಾತಿಯದು ಎಷ್ಟು ಎಂದು ನಿಮ್ಮ ಕಾಗದದಲ್ಲಿ ಇಲ್ಲ. ಬರೆದಿಡಿ. ಮುಂದಿನ ಸಲ ಮರಿ ಬಂದಾಗ ಒಂದು ಹಿಡಿಯನ್ನು ಸ್ಕೇಲಿಟ್ಟು ಅಳೆಯಿರಿ, ತಾರೀಖು ಹಾಕಿ ಇಲಾಖೆಯವರ ಸಹಿ ಕೇಳಿ. ಎರಡನ್ನೂ ನನಗೆ ಕಳಿಸಿ, ಅಚ್ಚು ಹಾಕುತ್ತೇನೆ.

– ಸಂಪಾದಕ